ಚಂದಾ ಕಟ್ಟೀವಿ, ಪತ್ರಿಕೆ ಎಲ್ಲಿ?

ಈ ವಾರ ಗೊಬ್ಬರ, ರೋಗ, ಔಷಧಿ ಮಾತು ಸ್ವಲ್ಪ ಬದಿಗಿಡೋಣ. ನಮ್ಮಲ್ಲಿ ಬಹಳ ಜನ ಒಳಗೊಳಗೇ ಬೈಕೊಂಡು ಸುಮ್ಮನಾಗಿರುವ ಒಂದು ವಿಷಯ ಮಾತಾಡಬೇಕು.

ಎರಡು ವರ್ಷದ ಹಿಂದೆ ಯುಗಾದಿ ಹೊತ್ತಿಗೆ ನಾನು ಒಂದು ಸಣ್ಣ ಕೃಷಿ ಮಾಸಪತ್ರಿಕೆಗೆ ಮೂರು ವರ್ಷದ ಚಂದಾ ಒಟ್ಟಿಗೇ ಕಟ್ಟಿದೆ. ವರ್ಷಕ್ಕೆ 300ರಂತೆ 900 ರೂಪಾಯಿ, ಫೋನ್‌ಪೇ ಮಾಡಿದೆ. ಪತ್ರಿಕೆ ಹೆಸರು ಬೇಡ, ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗ್ತದೆ. ಮೊದಲ ನಾಲ್ಕು ಸಂಚಿಕೆ ಸರಿಯಾಗಿ ಬಂದವು. ಐದನೇದು ಬರಲಿಲ್ಲ. ಆಮೇಲೆ ಎರಡು ತಿಂಗಳದ್ದು ಸೇರಿಸಿ ತೆಳ್ಳಗಿನ ಒಂದು "ಜೋಡಿ ಸಂಚಿಕೆ" ಬಂತು. ಅಲ್ಲಿಗೆ ನಿಂತಿತು.

ಮಹಾಲಿಂಗಪುರದ ಪೇಟೆಯಲ್ಲಿ ಪೋಸ್ಟ್‌ಮ್ಯಾನ್ ಕಾಕಾ ಸಿಕ್ಕಾಗೆಲ್ಲ ಕೇಳ್ತಿದ್ದೆ.

"ಕಾಕಾ, ನಂದೊಂದು ಪುಸ್ತಕ ಬಂದೈತೇನ್ರಿ?"

"ಬಂದಿದ್ರ ನಿನಗ ಕೊಡಲಾರ್ದ ನಾ ಓದ್ಕೋತ ಕುಂದರ್ತಿದ್ನೇನೋ ತಮ್ಮಾ? ಅವರಿಗೇ ಫೋನ್ ಹಚ್ಚಿ ಕೇಳು."

ಫೋನ್ ಹಚ್ಚಿದೆ. ರಿಂಗ್ ಆಗ್ತಿತ್ತು, ಎತ್ತುತ್ತಿರಲಿಲ್ಲ. ವಾಟ್ಸಾಪ್ ಮಾಡಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಸಿಟ್ಟು ಬಂದಿದ್ದು ಅಲ್ಲಿ. 900 ರೂಪಾಯಿ ದೊಡ್ಡ ಮೊತ್ತ ಅಲ್ಲ, ಒಂದು ಸಲ ಪೇಟೆಗೆ ಹೋಗಿ ಬಂದರೆ ಖರ್ಚಾಗುವ ದುಡ್ಡು. ಆದರೆ ಓದಿಯೂ ಉತ್ತರ ಕೊಡದವರ ಮೇಲೆ ಯಾರಿಗೆ ಸಿಟ್ಟು ಬರಲ್ಲ ಹೇಳಿ?

ಬಾಕಿ ಅಂದ್ರ ಏನಂತ ನಮಗ ಗೊತ್ತು

ಕಬ್ಬು ಬೆಳೆಯುವ ನಮಗೆ ಬಾಕಿ ಹೊಸದಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಬಿಲ್ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು. ಇದು ಕಾಗದದ ಮೇಲಾದರೂ ಇದೆ. ಮುಂದಿಟ್ಟು ಕೇಳಬಹುದು.

ಪತ್ರಿಕೆ ಚಂದಾ ಇದಕ್ಕೆ ಉಲ್ಟಾ. ಇಲ್ಲಿ ಮೊದಲೇ ದುಡ್ಡು ಕೊಟ್ಟು ಮಾಲಿಗೆ ಕಾಯುವವರು ನಾವು. ಚಂದಾ ಅಂದರೆ ಓದುಗ ಕೊಟ್ಟ ಮುಂಗಡ. ಸಂಚಿಕೆ ಮನೆಗೆ ಬಂದು ಮುಟ್ಟುವ ತನಕ ಅದು ಸಂಪಾದಕರ ಮೇಲಿನ ಸಾಲವೇ. ಇದನ್ನ ಮರೆತಲ್ಲಿಂದ ಎಲ್ಲ ತಾಪತ್ರಯ ಶುರು.

ಸಣ್ಣ ಪತ್ರಿಕೆಯ ಲೆಕ್ಕ

ಹಂಗಂತ ಎಲ್ಲರೂ ಮೋಸಗಾರರಾ? ಒಂದು ಲೆಕ್ಕ ಹಾಕಿ ನೋಡೋಣ. ಇದು ಬರೀ ಅಂದಾಜಿನ ಉದಾಹರಣೆ.

ಒಂದು ಪತ್ರಿಕೆಗೆ 1,000 ಚಂದಾದಾರರು, ವರ್ಷಕ್ಕೆ 300 ರೂಪಾಯಿ. ಒಟ್ಟು 3 ಲಕ್ಷ. ಕಾಗದ, ಮುದ್ರಣ, ಕವರು, ಅಂಚೆ ಸೇರಿ ಒಂದು ಪ್ರತಿಗೆ 22 ರೂಪಾಯಿ ಹಿಡಿಯಿರಿ. 12 ತಿಂಗಳಿಗೆ 264. ಒಬ್ಬ ಚಂದಾದಾರನಿಂದ ಉಳಿಯುವುದು 36 ರೂಪಾಯಿ. ಸಾವಿರ ಜನರಿಂದ 36,000, ಅಂದರೆ ತಿಂಗಳಿಗೆ 3,000. ಇದರಲ್ಲೇ ಪುಟ ಕಟ್ಟುವವರಿಗೆ ಕೊಡಬೇಕು, ಕೋಣೆ ಬಾಡಿಗೆ ಕಟ್ಟಬೇಕು, ಲೇಖಕರಿಗೆ ಏನಾದರೂ ಕೊಡಬೇಕು. ಸಂಪಾದಕರ ಪಗಾರದ ಮಾತು ಬಿಡಿ. ಜಾಹೀರಾತು ಇದ್ದರೆ ಬದುಕು. ಆ ಜಾಹೀರಾತುಗಳೂ ಈಗ ಮೊಬೈಲ್ ಕಡೆ ಹೊಂಟಾವು.

ಆಗ ಏನಾಗ್ತದೆ? ನಾನು ಕೊಟ್ಟ ಮೂರು ವರ್ಷದ ದುಡ್ಡು ಪ್ರೆಸ್ಸಿನವರ ಹಳೇ ಬಾಕಿಗೆ ಹೋಗ್ತದೆ. ಮುಂದಿನ ಸಂಚಿಕೆಗೆ ಹೊಸ ಚಂದಾದಾರ ಬೇಕು. ಹೊಸಬರು ಬರುವುದು ನಿಂತ ತಿಂಗಳು ಪತ್ರಿಕೆಯೂ ನಿಲ್ತದೆ. ಈ ವರ್ಷದ ಕಬ್ಬಿನ ಬಿಲ್ಲಿನಲ್ಲಿ ಹೋದ ವರ್ಷದ ಸಾಲ ತೀರಿಸಿ, ನಾಟಿಗೆ ಮತ್ತೆ ಕೈಗಡ ತರುವ ನಮ್ಮ ಹಣೆಬರಹವೇ ಅಲ್ಲೂ ಇರೋದು.

ಆಜೀವ ಚಂದಾ ಇನ್ನೂ ದೊಡ್ಡ ಗುಂಡಿ. 3,000 ರೂಪಾಯಿ ತಗೊಂಡು ಬ್ಯಾಂಕಿನಲ್ಲಿ ಇಟ್ಟರೂ ಶೇ. 7ರಂತೆ ವರ್ಷಕ್ಕೆ 210 ಬಡ್ಡಿ. ಪತ್ರಿಕೆ ಕಳಿಸಲು 264 ಬೇಕು. ಅಸಲು ಮುಟ್ಟದಿದ್ದರೂ ಮೊದಲ ವರ್ಷದಿಂದಲೇ ನಷ್ಟ. ಅಸಲೇ ಖರ್ಚಾಗಿದ್ದರೆ ಕೇಳೋದೇ ಬೇಡ.

ಅಂಚೆಯದು ಬೇರೆ ಕಥೆ. ನೋಂದಾಯಿತ ಪತ್ರಿಕೆಗಳಿಗೆ ಅಂಚೆ ದರದಲ್ಲಿ ದೊಡ್ಡ ರಿಯಾಯಿತಿ ಉಂಟು. 50 ಗ್ರಾಂ ತನಕದ ಪ್ರತಿಗೆ 25 ಪೈಸೆ ಅನ್ನುವ ದರ ವರ್ಷಗಟ್ಟಲೆ ಬದಲಾಗದೆ ನಡೆದು ಬಂದಿತ್ತು. ಆದರೆ 1898ರ ಅಂಚೆ ಕಾಯ್ದೆಯ ಕಾಲದಿಂದಲೂ ಒಂದು ಷರತ್ತು ಇತ್ತು. ಎರಡು ಸಂಚಿಕೆ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಪತ್ರಿಕೆ ತಡವಾದರೆ ರಿಯಾಯಿತಿಗೇ ಕುತ್ತು. ಜತೆಗೆ, ಹೀಗೆ ಸಾದಾ ಅಂಚೆಯಲ್ಲಿ ಬರುವ ಪ್ರತಿಗೆ ಟ್ರ್ಯಾಕಿಂಗ್ ನಂಬರ್ ಇರಲ್ಲ. "ಕಳಿಸೀವಿ" ಅಂತ ಅವರು, "ಬಂದಿಲ್ಲ" ಅಂತ ನಾವು. ನಡುವೆ ಸಾಕ್ಷಿ ಇಲ್ಲ.

ನನ್ನ ತಪ್ಪೂ ಐತಿ

ಕೊನೆಗೆ ನಾನು ಒಂದು ಪತ್ರ ಬರೆದೆ. ಬೈಗುಳ ಇಲ್ಲ. ಕಟ್ಟಿದ ತಾರೀಖು, ಮೊತ್ತ, ಬಂದ ಸಂಚಿಕೆಗಳ ಪಟ್ಟಿ, ಅಷ್ಟೇ. ಹದಿನೈದು ದಿನಕ್ಕೆ ಸಂಪಾದಕರೇ ಫೋನ್ ಮಾಡಿದರು. ವಯಸ್ಸಾದವರ ದನಿ.

"ಪ್ರೆಸ್ಸಿಗೆ ಬಾಕಿ ಇದೆ. ಹೇಳಲು ನಾಚಿಕೆಯಾಗಿ ಫೋನ್ ಎತ್ತಲಿಲ್ಲ. ನಿಮ್ಮ ಉಳಿದ ದುಡ್ಡು ವಾಪಸ್ ಕೊಡುತ್ತೇನೆ, ಸ್ವಲ್ಪ ಸಮಯ ಕೊಡಿ" ಅಂದರು. ಆಮೇಲೆ ಮೆಲ್ಲಗೆ ಕೇಳಿದರು, "ಚಂದಾದಾರರಿಗೆ ಅಂತ ನಾವು ಪಿಡಿಎಫ್ ಕಳಿಸುತ್ತಿದ್ದೆವಲ್ಲ, ಅದು ಎಲ್ಲ ಗ್ರೂಪಿನಲ್ಲೂ ಓಡಾಡುತ್ತಿತ್ತು. ನಿಮಗೂ ಬಂದಿತ್ತಾ?"

ನನ್ನ ಬಾಯಿ ಕಟ್ಟಿತು. ಮೂರು ಗ್ರೂಪಿಗೆ ಫಾರ್ವರ್ಡ್ ಮಾಡಿದವನು ನಾನೇ. ಮೂರೂ ಸೇರಿ 600 ಜನ ಇದ್ದರು. "ಛಲೋ ಐತಿ, ಎಲ್ಲಾರೂ ಓದ್ರಿ" ಅಂತ ಬರೆದಿದ್ದೆ. ನೆರವು ಮಾಡ್ತೀನಿ ಅಂದುಕೊಂಡಿದ್ದೆ. ಅವರಲ್ಲಿ ಒಬ್ಬರೂ ಚಂದಾ ಕಟ್ಟಿದ್ದು ನನಗೆ ಗೊತ್ತಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ದುಡ್ಡು ಕೊಡ್ತಾರೆ?

ರೀಲ್ಸ್ ಇರುವಾಗ ಪತ್ರಿಕೆ ಯಾಕೆ ಬೇಕು?

ನಮ್ಮ ತಮ್ಮಂದಿರು ಕೇಳುವ ಪ್ರಶ್ನೆ ಇದು. ನಾನೂ ವಿಡಿಯೋ ನೋಡುವವನೇ. ಆದರೆ ವ್ಯತ್ಯಾಸ ಉಂಟು. "ಈ ಪುಡಿ ಹಾಕ್ರಿ, ಎಕರೆಗೆ 100 ಟನ್ ಕಬ್ಬು" ಅಂತ ಒಂದು ನಿಮಿಷದ ರೀಲ್ಸ್ ಬರ್ತದೆ. ಯಾವ ಊರು, ಯಾವ ಮಣ್ಣು, ಕುಳೆ ಕಬ್ಬೋ ಹೊಸ ನಾಟಿಯೋ, ಏನೂ ಹೇಳಲ್ಲ. ನಾಳೆ ಬೆಳೆ ಕೆಟ್ಟರೆ ಕೇಳೋಣ ಅಂದರೆ ಆ ವಿಡಿಯೋನೇ ಇರಲ್ಲ.

ಒಳ್ಳೇ ಕೃಷಿ ಪತ್ರಿಕೆಯಲ್ಲಿ ರೈತನ ಹೆಸರು, ಊರು, ಫೋನ್ ನಂಬರ್ ಲೇಖನದ ಕೊನೆಗೆ ಇರ್ತದೆ. ತಪ್ಪಿದ್ದರೆ ಮುಂದಿನ ತಿಂಗಳು ಯಾರಾದರೂ ಪತ್ರ ಬರೆದು ತಿದ್ದುತ್ತಾರೆ. ಕಬ್ಬಿನ ರವದಿ ಸುಡದೆ ಸಾಲಿನಲ್ಲಿ ಹೊದಿಸುವ ಬಗ್ಗೆ ನಮ್ಮ ಅಪ್ಪ ಓದಿದ ಲೇಖನ ಇವತ್ತಿಗೂ ಅಟ್ಟದ ಮೇಲಿದೆ, ಪೆನ್ನಿನಲ್ಲಿ ಗೆರೆ ಎಳೆದದ್ದು. ಆ ರೈತನಿಗೆ ಫೋನ್ ಮಾಡಿ ಕೇಳಿಯೇ ನಾವು ರವದಿ ಸುಡುವುದು ಬಿಟ್ಟಿದ್ದು.

ಪುತ್ತೂರಿನ "ಅಡಿಕೆ ಪತ್ರಿಕೆ" ನೋಡಿ. ಅಡಿಕೆ ಬೆಲೆ ಕುಸಿದ ಕಷ್ಟದ ದಿನಗಳ ಬೆನ್ನಿಗೆ, 1988ರಲ್ಲಿ, ಅಖಿಲ ಭಾರತ ಅಡಿಕೆ ಬೆಳೆಗಾರರ ಸಂಘದಿಂದ ಶುರುವಾದ ಮಾಸಪತ್ರಿಕೆ ಅದು. ಒಂದೇ ಬೆಳೆಯ ಹೆಸರು, ಓದುಗರು ಹೆಚ್ಚಾಗಿ ಕರಾವಳಿ, ಮಲೆನಾಡಿನವರು. ಕಾಸರಗೋಡು ಜಿಲ್ಲೆಯ ಶ್ರೀಪಡ್ರೆ ಅದನ್ನ ಕಟ್ಟಿ ಬೆಳೆಸಿದರು. "ಕೃಷಿಕರ ಕೈಗೆ ಲೇಖನಿ" ಅಂತ ಹೇಳಿ ರೈತರಿಂದಲೇ ಬರೆಸಿದರು. ಮಳೆನೀರು ಕೊಯ್ಲು, ಹಲಸಿನ ಮೌಲ್ಯವರ್ಧನೆ ಮನೆಮಾತಾಗಲು ಆ ಬರಹಗಳ ಪಾಲು ದೊಡ್ಡದು. ಅಡಿಕೆಯವರು ತಮ್ಮ ಕಷ್ಟ ತಾವೇ ಬರೆದುಕೊಂಡರು. ನಮ್ಮ ಕಬ್ಬು, ಬೆಲ್ಲ, ಅರಿಸಿನದ ಕಷ್ಟ ಯಾರು ಬರೀಬೇಕು?

ಬರೀ ಹೆಸರು ದೊಡ್ಡದಾದರೆ ಉಳಿಯಲ್ಲ ಅನ್ನುವುದಕ್ಕೂ ಉದಾಹರಣೆ ಉಂಟು. ಅಮೆರಿಕದಲ್ಲಿ ರೋಡೇಲ್ ಅವರು 1942ರಲ್ಲಿ ಶುರುಮಾಡಿದ ಸಾವಯವ ಕೃಷಿ ಪತ್ರಿಕೆ ಕೈತೋಟದ ಹವ್ಯಾಸದವರಲ್ಲಿ ಮನೆಮಾತಾಗಿತ್ತು. 2015ರಲ್ಲಿ ಹೆಸರು, ರೂಪ ಎರಡೂ ಬದಲಾಯಿಸಿದರು. 2017ರಲ್ಲಿ ಮುದ್ರಣವೇ ನಿಂತಿತು. ಪೇಟೆ ದೊಡ್ಡದಿದ್ದ ಕಡೆಯೇ ಹಿಂಗಾದರೆ, ಸಾವಿರ ಚಂದಾದಾರರ ಕನ್ನಡ ಪತ್ರಿಕೆಯ ಪಾಡು ಊಹಿಸಿಕೊಳ್ಳಿ.

ಪತ್ರಿಕೆಯವರು ಏನು ಮಾಡಬೇಕು

- ತಡವಾದರೆ ಮೊದಲೇ ಹೇಳಿ. ಎರಡು ಸಾಲಿನ ವಾಟ್ಸಾಪ್ ಸಾಕು. ತಡವನ್ನ ರೈತ ಸಹಿಸ್ತಾನೆ, ಮಳೆಗೇ ಕಾಯುವವನು ಅವನು. ಸುಮ್ಮನಿರೋದನ್ನ ಸಹಿಸಲ್ಲ.
- ಆಜೀವ ಚಂದಾ, ಐದು ವರ್ಷದ ಚಂದಾ ನಿಲ್ಲಿಸಿ. ಒಂದು ವರ್ಷದ್ದು ಮಾತ್ರ ತಗೊಳ್ಳಿ.
- ತಿಂಗಳಿಗೊಂದು ಆಗದಿದ್ದರೆ ಸಂಚಿಕೆ ಕಡಿಮೆ ಮಾಡಿ, ಆದರೆ ತಾರೀಖು ತಪ್ಪಿಸಬೇಡಿ. ಅಂಚೆ ರಿಯಾಯಿತಿ ಏನಾಗ್ತದೆ ಅಂತ ಮೊದಲು ವಿಚಾರಿಸಿ.
- ನಿಲ್ಲಿಸಲೇಬೇಕಾದರೆ ನಿಲ್ಲಿಸ್ತೀವಿ ಅಂತ ಹೇಳಿ ನಿಲ್ಲಿಸಿ. ಉಳಿದ ದುಡ್ಡಿನ ಲೆಕ್ಕ ಕೊಡಿ.

ನಾವು ಏನು ಮಾಡಬೇಕು

- ಒಂದು ವರ್ಷಕ್ಕಿಂತ ಹೆಚ್ಚಿನ ಚಂದಾ ಒಟ್ಟಿಗೆ ಕಟ್ಟಬೇಡಿ. ಪಾವತಿ ಮಾಡಿದ ಸ್ಕ್ರೀನ್‌ಶಾಟ್ ತೆಗೆದಿಡಿ.
- ವಿಳಾಸದಲ್ಲಿ ಪಿನ್‌ಕೋಡ್, ಮೊಬೈಲ್ ನಂಬರ್ ಸರಿಯಾಗಿ ಕೊಡಿ. ನಮ್ಮೂರು ಈಗ ರಬಕವಿ-ಬನಹಟ್ಟಿ ತಾಲೂಕು. ಹಳೇ ತಾಲೂಕಿನ ಹೆಸರು ಇದ್ದರೆ ಬದಲಾಯಿಸಿ.
- ಎರಡು ಸಂಚಿಕೆ ತಪ್ಪಿದರೆ ತಾರೀಖು ಸಮೇತ ಪತ್ರ ಬರೆಯಿರಿ, ನಕಲು ಇಟ್ಟುಕೊಳ್ಳಿ.
- ಉತ್ತರವೇ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದ ತನಕದ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಆದರೆ ಇದು ಕೊನೇ ದಾರಿ.
- ಪಿಡಿಎಫ್ ಫಾರ್ವರ್ಡ್ ಮಾಡಬೇಡಿ. ಲೇಖನ ಹಿಡಿಸಿದರೆ ಮುಖಪುಟದ ಫೋಟೋ, ಚಂದಾ ವಿವರ ಹಾಕಿ.
- ಐದಾರು ಗೆಳೆಯರು ಸೇರಿ ಒಂದು ಚಂದಾ ಕಟ್ಟಿ, ಪ್ರತಿಯನ್ನ ಕೈಯಿಂದ ಕೈಗೆ ಓದಿ. ಕಾಗದದ ಪ್ರತಿ ಐದು ಜನ ಓದಿದರೆ ಪತ್ರಿಕೆಗೆ ನಷ್ಟ ಇಲ್ಲ. ಒಂದು ಪಿಡಿಎಫ್ 600 ಜನಕ್ಕೆ ಹೋದರೆ ಉಂಟು.

ನಾನೇನು ಮಾಡಿದೆ ಅಂತ ಕೇಳ್ತೀರಿ. ದುಡ್ಡು ವಾಪಸ್ ಬೇಡ ಅಂತ ಉದಾರತನ ತೋರಿಸಲಿಲ್ಲ. ಅದು ನನ್ನ ಹಕ್ಕು. ಸಂಪಾದಕರು ಎರಡು ಕಂತಿನಲ್ಲಿ 500 ರೂಪಾಯಿ ಕಳಿಸಿದರು. ಇನ್ನೂ ಸ್ವಲ್ಪ ಬಾಕಿ ಇದೆ. ಆದರೆ ಪ್ರತಿ ತಿಂಗಳು ಒಂದು ಮೆಸೇಜ್ ಬರ್ತದೆ, "ಈ ತಿಂಗಳೂ ಆಗಲಿಲ್ಲ" ಅಂತಲೋ, "ಮುಂದಿನ ತಿಂಗಳು ಪ್ರಯತ್ನ ಮಾಡುತ್ತೇವೆ" ಅಂತಲೋ. ಈಗ ನನಗೆ ಸಿಟ್ಟಿಲ್ಲ. ಮತ್ತೆ ಶುರುವಾದರೆ ಒಂದು ವರ್ಷದ ಚಂದಾ ಕಟ್ಟುವವರಲ್ಲಿ ನಾನೂ ಒಬ್ಬ. ಪತ್ರಿಕೆ ಹೆಸರು ಹೇಳದಿರುವುದೂ ಅದಕ್ಕೇ.

ನಿಮ್ಮ ಮನೆಯಲ್ಲೂ ಇಂಥ ಒಂದು ಪತ್ರಿಕೆ ಬರುತ್ತಿದ್ದು ನಿಂತಿದ್ದರೆ, ಈ ವಾರ ಒಂದು ಕೆಲಸ ಮಾಡಿ. ಫೋನ್ ತೆಗೆದು ಚಂದಾ ಕಟ್ಟಿದ ತಾರೀಖು ಹುಡುಕಿ, ಬಂದ ಸಂಚಿಕೆ ಎಣಿಸಿ, ಅವರಿಗೆ ನಾಲ್ಕು ಸಾಲು ಬರೆಯಿರಿ. ಬೈಬೇಡಿ, ಬಿಡಲೂ ಬೇಡಿ. ಕೊನೆಗೆ ಐದನೇ ಸಾಲಿನಲ್ಲಿ ನಿಮ್ಮ ಹೊಲದ ಒಂದು ಅನುಭವ ಸೇರಿಸಿ ಕಳಿಸಿ. ಮುಂದಿನ ಸಂಚಿಕೆ ತುಂಬಲು ಅವರಿಗೆ ಅದೂ ಬೇಕು.