ಚಲಿಸುವ ಮನೆ, ಬೆಟ್ಟದ ದಾರಿ ಮತ್ತು ನಮ್ಮ ಹಿರಿಯರು

ನಮ್ಮ ಸಂಘದ ಸದಸ್ಯರಲ್ಲಿ ಮಕ್ಕಳನ್ನು ಅಮೆರಿಕೆಗೆ ಕಳುಹಿಸಿ, ಎರಡು ಮೂರು ವರ್ಷಗಳಿಗೊಮ್ಮೆ ಅಲ್ಲಿಗೆ ಹೋಗಿ ಬರುವ ವೃದ್ಧ ದಂಪತಿಗಳು ಈಗ ಅನೇಕರಿದ್ದಾರೆ. ಹೋದವರನ್ನು ಮಕ್ಕಳು ಮನೆಯಲ್ಲಿ ಕೂರಿಸುವುದಿಲ್ಲ. ಆರ್.ವಿ. ಎಂಬ ಹೆಸರಿನ, ಅಡುಗೆ ಒಲೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಒಳಗೊಂಡ ವಾಹನವನ್ನು ಬಾಡಿಗೆಗೆ ತಂದು, ಶರತ್ಕಾಲದ ಎಲೆಗಳ ಬಣ್ಣ ತೋರಿಸಲು ಬೆಟ್ಟಗಳಿಗೆ ಕರೆದೊಯ್ಯುತ್ತಾರೆ. ಈ ಪ್ರೀತಿಯನ್ನು ನಾನು ಆಕ್ಷೇಪಿಸುವವನಲ್ಲ. ಆದರೆ ಆ ಪ್ರವಾಸದ ಯೋಜನೆಯನ್ನು ಮಕ್ಕಳು ಕಿಲೋಮೀಟರುಗಳಿಂದ ಆರಂಭಿಸುತ್ತಾರೆ; ಅದು ಹಿರಿಯರ ದೇಹದಿಂದ ಆರಂಭವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಸುಲಭವಾಗಿ ಬಂದವನಲ್ಲ.

2022ರ ಅಕ್ಟೋಬರಿನಲ್ಲಿ ನಾವು ಹೋದುದು ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ರಸ್ತೆಗೆ. ವರ್ಜೀನಿಯಾದ ಶೆನಂಡೋವ ಉದ್ಯಾನದ ಅಂಚಿನಿಂದ ಉತ್ತರ ಕೆರೊಲಿನಾದ ಚೆರೋಕಿಯವರೆಗೆ 469 ಮೈಲಿ, ಎಂದರೆ ಸುಮಾರು 755 ಕಿಲೋಮೀಟರು, ಬೆಟ್ಟಗಳ ನೆತ್ತಿಯ ಮೇಲೆಯೇ ಸಾಗುವ ದಾರಿ. 1935ರಲ್ಲಿ ಕೆಲಸ ಆರಂಭವಾಗಿ, 1987ರಲ್ಲಷ್ಟೇ ಕೊನೆಯ ತುಂಡು ಮುಗಿಯಿತು. ಸರಕಿನ ಲಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ, ಜಾಹೀರಾತಿನ ಫಲಕಗಳಿಲ್ಲ, ರಸ್ತೆಯ ಮೇಲೆ ಪೆಟ್ರೋಲ್ ಬಂಕೂ ಇಲ್ಲ. ಅತಿ ಎತ್ತರದ ಸ್ಥಳ 6,053 ಅಡಿ. ಬಣ್ಣವು ಎತ್ತರದಲ್ಲಿ ಮೊದಲು ಹತ್ತಿಕೊಂಡು ವಾರದಿಂದ ವಾರಕ್ಕೆ ಕೆಳಗಿಳಿಯುತ್ತದೆ. ಹಗಲು ಕುಗ್ಗಿದಂತೆ ಎಲೆಯ ಹಸಿರು ಕರಗಿ, ಅಡಗಿದ್ದ ಹಳದಿ ಹೊರಬೀಳುತ್ತದೆ. ಕೆಂಪನ್ನು ಮಾತ್ರ ಎಲೆಯು ಆಗ ಹೊಸದಾಗಿ ತಯಾರಿಸುತ್ತದೆ. ಬಿಸಿಲಿನ ಹಗಲು, ತಂಪಾದ ರಾತ್ರಿ ಇದ್ದರೆ ಆ ಕೆಂಪು ಉಜ್ವಲವಾಗುತ್ತದೆ. ನೋಡಿದ ಕಣ್ಣು ಧನ್ಯ, ಸಂದೇಹವಿಲ್ಲ.

ಮಗನ ಯೋಜನೆಯಂತೆ ಇಡೀ ರಸ್ತೆಯನ್ನು ಎರಡು ದಿನಗಳಲ್ಲಿ ಮುಗಿಸಬೇಕಾಗಿತ್ತು. ಅಲ್ಲಿನ ವೇಗದ ಮಿತಿ ಬಹುತೇಕ ಕಡೆ ಗಂಟೆಗೆ 45 ಮೈಲಿ. ತಿರುವುಗಳಲ್ಲಿ ಆ ಭಾರವಾದ ವಾಹನ ಗಂಟೆಗೆ 50 ಕಿಲೋಮೀಟರು ಸಾಗಿದರೂ ಹದಿನೈದು ಗಂಟೆ ಬರಿಯ ಓಟವೇ ಆಗುತ್ತದೆ. ಲೆಕ್ಕ ತಪ್ಪಿದ್ದು ಅಲ್ಲಿ. ಆದರೆ ಅದಕ್ಕಿಂತ ದೊಡ್ಡದೊಂದು ಸಂಗತಿ ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ.

ಎರಡನೆಯ ದಿನ ಕ್ರಾಗಿ ಗಾರ್ಡನ್ಸ್ ಎಂಬಲ್ಲಿ ವಾಹನದಿಂದ ಇಳಿಯುತ್ತಲೇ ನನ್ನ ಪತ್ನಿಗೆ ಕಣ್ಣು ಕತ್ತಲೆ ಬಂದು ಕುಸಿದಳು. ಮಗ ಹಿಡಿದುಕೊಂಡದ್ದರಿಂದ ತಲೆಗೆ ಪೆಟ್ಟಾಗಲಿಲ್ಲ. ಆಶ್‌ವಿಲ್ ಪಟ್ಟಣದ ಚಿಕಿತ್ಸಾಲಯದ ವೈದ್ಯರು ಪರೀಕ್ಷಿಸಿ, ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದರು. ರಕ್ತದೊತ್ತಡಕ್ಕೆ ಆಕೆ ತೆಗೆದುಕೊಳ್ಳುತ್ತಿದ್ದ ಗುಳಿಗೆ ಮೂತ್ರವನ್ನು ಹೆಚ್ಚಿಸುವ ಬಗೆಯದು. ಅದನ್ನು ನುಂಗುತ್ತಾ ಎರಡು ದಿನ ಆಕೆ ನೀರನ್ನೇ ಸರಿಯಾಗಿ ಕುಡಿದಿರಲಿಲ್ಲ. ಏಕೆಂದು ರಾತ್ರಿ ನಾನು ಏಕಾಂತದಲ್ಲಿ ಕೇಳಿದೆ. ಆ ವಾಹನದ ಶೌಚದ ತೊಟ್ಟಿಯನ್ನು ನಿಗದಿತ ಸ್ಥಳದಲ್ಲಿ ಕೊಳವೆ ಜೋಡಿಸಿ ಖಾಲಿ ಮಾಡಬೇಕು. ಮೊದಲ ದಿನ ಮಗ ಆ ಕೆಲಸ ಮಾಡುವುದನ್ನು ಆಕೆ ಕಿಟಕಿಯಿಂದ ನೋಡಿದ್ದಳು. "ಅವನು ನನ್ನ ಮಗ ಕಣ್ರೀ, ಅವನ ಕೈಯಲ್ಲಿ ಅದನ್ನು ಮಾಡಿಸಲೇ?" ಎಂದಳು. ನಲವತ್ತು ವರ್ಷ ಜೊತೆಗಿದ್ದ ನನಗೇ ಇದು ಹೊಳೆದಿರಲಿಲ್ಲ. ಮಗನಿಗೆ ಹೇಗೆ ಹೊಳೆಯಬೇಕು?

ನಮ್ಮ ತಾಯಂದಿರ ಸಂಕೋಚವನ್ನು ಯಾವ ಮಾರ್ಗದರ್ಶಿ ಪುಸ್ತಕವೂ ತಿಳಿಸುವುದಿಲ್ಲ. ಆದುದರಿಂದ ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಈ ವಿಷಯವನ್ನು ನಾಚಿಕೆ ಬಿಟ್ಟು ಮಾತಾಡಬೇಕು. ಶೌಚಗೃಹವಿರುವ ನಿಲುಗಡೆಗಳನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಳ್ಳಬೇಕು. ಒಂದೆರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ನಾಲ್ಕು ಗಂಟೆಗೂ ಮೀರಿ ಕಾಲು ಇಳಿಬಿಟ್ಟು ಕುಳಿತರೆ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ ಹೆಚ್ಚು. ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಹಾಸಿಗೆ ಇದೆಯೆಂದು ಓಡುವ ವಾಹನದಲ್ಲಿ ಅದರ ಮೇಲೆ ಮಲಗುವುದು ಮಾತ್ರ ಖಂಡಿತ ಕೂಡದು, ಬೆಲ್ಟು ಕಟ್ಟಿಕೊಂಡೇ ಕೂರಬೇಕು. ಆಗುಂಬೆ ಘಾಟಿಯಲ್ಲಿ ವಾಂತಿ ಮಾಡಿಕೊಂಡವರಿಗೆ ಮುಂದಿನ ಆಸನವನ್ನೇ ಕೊಡಿ.

ಅಕ್ಟೋಬರಿನಲ್ಲಿ ಆ ಎತ್ತರದ ರಾತ್ರಿಗಳು ಕೊರೆಯುತ್ತವೆ. ಪಾರ್ಕ್‌ವೇಯ ಸರಕಾರಿ ಶಿಬಿರಗಳಲ್ಲಿ ವಾಹನಕ್ಕೆ ವಿದ್ಯುತ್ ಜೋಡಣೆ ಇಲ್ಲ. ಚಳಿಗೆಂದು ಅನಿಲದ ಒಲೆ ಹಚ್ಚಿಟ್ಟು ಮಲಗುವ ದುಸ್ಸಾಹಸ ಬೇಡ. ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಎಚ್ಚರಿಕೆ ಕೊಡುವ ಉಪಕರಣ ಕೆಲಸ ಮಾಡುತ್ತಿದೆಯೇ ಎಂದು ವಾಹನ ಪಡೆಯುವಾಗಲೇ ಒತ್ತಿ ನೋಡಿ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಹೆಪ್ಪುಗಟ್ಟಿದರೆ ಎಸೆಯಬೇಕಾದೀತು. ಔಷಧಗಳ ಚೀಟಿಯಲ್ಲಿ ಕಂಪೆನಿಯ ಹೆಸರಲ್ಲ, ಮೂಲ ಔಷಧದ ಹೆಸರಿರಲಿ. ನಮ್ಮ ಪ್ಯಾರಾಸಿಟಮಾಲನ್ನೇ ಅಲ್ಲಿ ಅಸಿಟಮಿನೊಫೆನ್ ಎನ್ನುತ್ತಾರೆ. ವಿಮೆಯ ಪತ್ರದಲ್ಲಿ ಹಳೆಯ ಕಾಯಿಲೆಗಳ ಬಗ್ಗೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಕನ್ನಡಕ ಹಾಕಿಕೊಂಡು ಓದಿ.

ಇನ್ನು ಆ ರಸ್ತೆಯೇ ಈಗ ಮೊದಲಿನಂತಿಲ್ಲ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಹೆಲೀನ್ ಚಂಡಮಾರುತವು ಉತ್ತರ ಕೆರೊಲಿನಾದ ಭಾಗದಲ್ಲಿ ಬೆಟ್ಟಗಳನ್ನೇ ಕುಸಿದು ಬೀಳಿಸಿತು. ಯಾವ ಭಾಗ ತೆರೆದಿದೆ ಎಂಬುದನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆಯ ಪ್ರಕಟಣೆಯಿಂದ ತಿಳಿದೇ ಹೊರಡಬೇಕು. ದಾರಿಯಲ್ಲಿ 26 ಸುರಂಗಗಳಿವೆ. ಕಮಾನಿನ ಆಕಾರವಾದ್ದರಿಂದ ಅಂಚಿನಲ್ಲಿ ಎತ್ತರ ಕಡಿಮೆ, ವಾಹನದ ಎತ್ತರ ಚಾಲಕನಿಗೆ ಬಾಯಿಪಾಠವಾಗಿರಬೇಕು. ಇಡೀ ರಸ್ತೆ ನೋಡಲೇಬೇಕೆಂಬ ಹಟವಾದರೂ ಏಕೆ? ಐವತ್ತು ಮೈಲಿಯಲ್ಲಿ ಕಾಣುವ ಬಣ್ಣವೇ ಐನೂರು ಮೈಲಿಯಲ್ಲೂ ಕಾಣುವುದು. ನಾವು ಆಶ್‌ವಿಲ್‌ನಲ್ಲಿ ಸುಮ್ಮನೆ ಕಳೆದ ಮೂರು ದಿನಗಳಲ್ಲಿ, ಬಾಗಿಲ ಮುಂದಿನ ಒಂದು ಮೇಪಲ್ ಮರ ಹಳದಿಯಿಂದ ಕೆಂಪಾದುದೇ ನನ್ನ ಪತ್ನಿಗೆ ಇಂದಿಗೂ ನೆನಪಿರುವ ದೃಶ್ಯ.

ಬರುವ ಅಕ್ಟೋಬರಿಗೆ ಮಗ ಮತ್ತೆ ಕರೆದಿದ್ದಾನೆ. ಈ ಬಾರಿ ನಕ್ಷೆ ಇರುವುದು ಅವನ ತಾಯಿಯ ಮುಂದೆ. ದಿನಕ್ಕೆ 100 ಕಿಲೋಮೀಟರಿಗಿಂತ ಹೆಚ್ಚು ಬೇಡವೆಂದೂ, ತೊಟ್ಟಿಯ ಕೆಲಸವನ್ನು ನಾನೇ ಮಾಡಬೇಕೆಂದೂ ಆಕೆಯ ಷರತ್ತು. ಕಳೆದ ವಾರ ದಾದರಿಗೆ ಹೋಗಿ ಒಂದು ಜೊತೆ ರಬ್ಬರಿನ ಕೈಗವಸು ಕೊಂಡು ತಂದಿದ್ದೇನೆ.