ಬಡಿಸುವವನು ಆಳೇ? ‘ಸರ್ವ್’ ಎಂಬ ಕ್ರಿಯಾಪದ

ಕಳೆದ ಹುಣ್ಣಿಮೆಗೆ ಅಫಜಲಪುರ ತಾಲೂಕಿನ ಘತ್ತರಗಿಗೆ ಹೋಗಿದ್ದೆವು. ಭಾಗ್ಯವಂತಿ ದೇವಿಯ ದರ್ಶನ ಮುಗಿಸಿ ಭೀಮಾ ತೀರದಲ್ಲಿ ನೆರಳು ಅರಸುತ್ತಿರಲು, ಪರಿಚಯದ ಕುಟುಂಬವೊಂದು ನಮ್ಮನ್ನು ಬುತ್ತಿಯ ಊಟಕ್ಕೆ ಕರೆಯಿತು. ಆ ಮನೆಯ ಹೆಣ್ಣುಮಗಳನ್ನು ತೆಲಂಗಾಣದ ತಾಂಡೂರಿನ ಕಡೆಗೆ ಕೊಟ್ಟಿದ್ದಾರೆ. ಅತ್ತೆಯನ್ನೂ ಮಗನನ್ನೂ ಕರೆದುಕೊಂಡು ಆಕೆಯೂ ಬಂದಿದ್ದಳು. ನಾವೆಲ್ಲ ಸಾಲಾಗಿ ಕುಳಿತೆವು. ತಾಯಿ ಮಗನಿಗೆ, ‘ಅಂದರಿಕೀ ಸರ್ವ್ ಚೆಯ್ಯಿ’ ಎಂದಳು. ಹೈದರಾಬಾದಿನ ವಸತಿಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದುವ ಹನ್ನೆರಡರ ಬಾಲಕ ಕುಳಿತಲ್ಲಿಂದಲೇ, ‘ನೇನು ಸರ್ವೆಂಟ್‌ನಾ?’ ಎಂದು ಕೇಳಿದ. ನಾನೇನು ಆಳೇ ಎಂದು ಅರ್ಥ.

ಪಂಕ್ತಿಯಲ್ಲಿ ಒಂದು ಕ್ಷಣ ಯಾರೂ ಮಾತನಾಡಲಿಲ್ಲ. ಅಜ್ಜಿ ಮಾತ್ರ, ‘ಸರ್ವ್ ಏಮಿಟಿ? ವಡ್ಡಿಂಚು ಅನು’ ಎಂದು ಸೊಸೆಯನ್ನೇ ತಿದ್ದಿದರು.

ಹುಡುಗನನ್ನು ಗದರುವುದು ಸುಲಭ. ಆದರೆ ನಿಘಂಟು ಅವನ ಪಕ್ಷದಲ್ಲಿದೆ ಎಂಬುದನ್ನು ಒಪ್ಪಬೇಕು. ‘ಸರ್ವ್’ ಎಂಬ ಕ್ರಿಯಾಪದದ ಬೇರು ಲ್ಯಾಟಿನ್ನಿನ ‘ಸೆರ್ವುಸ್’. ಅದರ ಅರ್ಥ ಗುಲಾಮ. ಸರ್ವೆಂಟ್, ಸರ್ವಿಸ್ ಎಲ್ಲವೂ ಅದೇ ಬಳ್ಳಿಯ ಕುಡಿಗಳು. ಇಂಗ್ಲಿಷಿನವರು ಈ ಒಂದೇ ಪದವನ್ನು ಹತ್ತು ಕೆಲಸಗಳಿಗೆ ಹಚ್ಚಿದ್ದಾರೆ. ಯೋಧನು ದೇಶಕ್ಕೆ ಸರ್ವ್ ಮಾಡಿದರೆ ನಮ್ಮಲ್ಲಿ ‘ಸೇವೆ ಸಲ್ಲಿಸು’, ತೆಲುಗಿನಲ್ಲಿ ‘ಸೇವ ಚೇಯು’. ಕೋರ್ಟಿನ ನೋಟಿಸು ಸರ್ವ್ ಆದರೆ ನಮ್ಮಲ್ಲಿ ‘ಜಾರಿ ಮಾಡು’, ಅವರಲ್ಲಿ ‘ಅಂದಜೇಯು’. ಸೆರೆಮನೆಯ ಶಿಕ್ಷೆಯನ್ನು ಸರ್ವ್ ಮಾಡುವವನು ಎರಡೂ ಭಾಷೆಗಳಲ್ಲಿ ಅದನ್ನು ‘ಅನುಭವಿಸು’ತ್ತಾನೆ. ಅಡುಗೆ ಪುಸ್ತಕದಲ್ಲಿ ‘ಸರ್ವ್ಸ್ ಫೋರ್’ ಎಂದಿದ್ದರೆ ನಾಲ್ವರಿಗೆ ಸಾಲುತ್ತದೆ ಎಂದು ತಿಳಿಯಬೇಕು. ತೆಲುಗರು ‘ಸರಿಪೋತುಂದಿ’ ಎನ್ನುತ್ತಾರೆ. (ನಮ್ಮ ಮನೆಯ ಅನುಭವದಲ್ಲಿ ಆ ಅಳತೆ ಇಬ್ಬರಿಗೆ ಮಾತ್ರ.) ‘ಸರ್ವ್ಸ್ ಯು ರೈಟ್’ ಎಂದರೆ ತಕ್ಕ ಶಾಸ್ತಿಯಾಯಿತು ಎಂಬ ಬೈಗುಳ. ತೆಲುಗಿನಲ್ಲಿಯೂ ಅದು ‘ತಗಿನ ಶಾಸ್ತಿ’ಯೇ.

ಇನ್ನು ಊಟದ ‘ಸರ್ವ್’. ಅಜ್ಜಿಯ ‘ವಡ್ಡಿಂಚು’ ಕೇಳಿದೊಡನೆ ನಮಗೆ ಹಳೆಯ ಕನ್ನಡದ ‘ಬಡ್ಡಿಸು’ ನೆನಪಾಯಿತು. ಇಂದಿನ ‘ಬಡಿಸು’ ಅದರದೇ ರೂಪ. ತೆಲುಗಿನ ವಕಾರ ನಮ್ಮಲ್ಲಿ ಬಕಾರವಾಗಿ ಕಾಣುವುದು ಹೊಸದೇನಲ್ಲ: ವಿಲ್ಲು–ಬಿಲ್ಲು, ವೇರು–ಬೇರು, ವೇಟ–ಬೇಟೆ. 1852ರ ಸಿ.ಪಿ. ಬ್ರೌನರ ತೆಲುಗು ನಿಘಂಟನ್ನೂ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ ನಿಘಂಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವವರಿಗೆ ಇಂತಹ ಜೋಡಿಗಳು ಬೇಕಾದಷ್ಟು ಸಿಗುತ್ತವೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದನಷ್ಟೆ. ಈ ಎರಡು ನುಡಿಗಳ ನಡುವಿನ ಹೋಗಿಬರುವ ದಾರಿ ಎಂದೂ ಹುಲ್ಲು ಬೆಳೆದು ಮುಚ್ಚಿದ್ದಲ್ಲ.

ಆದರೆ ನಮ್ಮ ಭಾಗದಲ್ಲಿ ‘ಬಡಿಸು’ ಎಂದರೆ ಹೊಡೆಸುವುದೇನೋ ಎಂದು ಹಿರಿಯರು ನಗುತ್ತಾರೆ. ಇಲ್ಲಿ ಊಟಕ್ಕೆ ‘ನೀಡು’ವುದೇ ರೂಢಿ. ನಮಗೆ ಈ ಪದದ ಮೇಲೆ ತುಸು ಪಕ್ಷಪಾತವುಂಟು. ನೀಡು ಎಂದರೆ ಮೊದಲು ಚಾಚು, ಉದ್ದ ಮಾಡು ಎಂದು ಅರ್ಥ. ನೀಳ, ನಿಡಿದು ಎಂಬವು ಅದರ ಒಡಹುಟ್ಟುಗಳು. ಅಂದರೆ ಈ ಕ್ರಿಯಾಪದದೊಳಗೆ ಒಡೆಯನೂ ಇಲ್ಲ, ಆಳೂ ಇಲ್ಲ. ಮುಂದೆ ಚಾಚಿದ ಒಂದು ಕೈ ಮಾತ್ರ ಇದೆ.

ಹಾಗೆಂದು ‘ಸೆರ್ವುಸ್’ನನ್ನು ನಾವು ಹೀಗಳೆಯುವಂತಿಲ್ಲ. ನಮ್ಮ ‘ದಾಸೋಹ’ದೊಳಗೂ ದಾಸನೇ ಕುಳಿತಿದ್ದಾನೆ. ‘ದಾಸೋಹಂ’, ನಾನು ದಾಸ, ಎಂದು ಹೇಳಿಕೊಂಡೇ ಶರಣರು ಅನ್ನವಿಕ್ಕಿದರು. ವಿಚಿತ್ರವೆಂದರೆ ಆಸ್ಟ್ರಿಯಾ, ಬವೇರಿಯಾಗಳಲ್ಲಿ ಜನರು ಎದುರಾದಾಗ ಇಂದಿಗೂ ‘ಸೆರ್ವುಸ್’ ಎನ್ನುತ್ತಾರೆ. ‘ನಾನು ನಿಮ್ಮ ದಾಸ’ ಎಂಬುದು ಅದರ ಮೂಲ. ನಮ್ಮ ‘ಶರಣು ಶರಣಾರ್ಥಿ’ಗೆ ಅದು ಎಷ್ಟು ಹತ್ತಿರ! ಭೇದವಿರುವುದು ಒಂದೇ ಕಡೆ: ದಾಸನೆಂದು ಬೇರೆಯವರು ಕರೆದರೆ ಅದು ಅಪಮಾನ, ತಾನಾಗಿ ಹೇಳಿಕೊಂಡರೆ ಬೇರೆಯೇ ಮಾತು. ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಒಕ್ಕಲುತನದ ಮನೆಯವರು. ಹೊಲದ ತೆನೆಯನ್ನು ಹಕ್ಕಿಗಳಿಗೂ ಬಿಟ್ಟುಕೊಟ್ಟರೆಂದು ಭಕ್ತರು ಹೇಳುತ್ತಾರೆ. ಅವರನ್ನು ಯಾರೂ ಆಳಾಗಿ ಇಟ್ಟುಕೊಂಡಿರಲಿಲ್ಲ.

ಹುಡುಗನ ಪ್ರಶ್ನೆಯ ಹೊಣೆ ಅವನ ಶಾಲೆಯದಷ್ಟೇ ಅಲ್ಲ. ಈಚೆಗೆ ನಮ್ಮ ಮದುವೆಗಳಲ್ಲಿ ನೀಡುವವರು ಯಾರು? ದಿನಗೂಲಿಗೆ ಬಂದ, ಒಂದೇ ಬಣ್ಣದ ಅಂಗಿ ತೊಟ್ಟ ಕೇಟರಿಂಗ್ ಹುಡುಗರು. ಮನೆಯ ಗಂಡುಮಕ್ಕಳು ಮೊಬೈಲ್ ಹಿಡಿದು ಕುರ್ಚಿಯಲ್ಲಿರುತ್ತಾರೆ. ಆ ಕೂಲಿಯ ಹುಡುಗರ ಹೆಸರನ್ನು ನಾವೂ ಕೇಳಿದವರಲ್ಲ. ಊಟ ನೀಡುವುದು ಹಣ ಕೊಟ್ಟು ಮಾಡಿಸುವ ಕೆಲಸವೆಂದು ಮಗು ಕಲಿತಿದ್ದರೆ, ಕಲಿಸಿದವರು ನಾವೇ.

ಅಂದು ಕೊನೆಗೆ ಅಜ್ಜಿ ತಾವೇ ಹೋಳಿಗೆಯ ಬುಟ್ಟಿ ಹಿಡಿದು ಎದ್ದರು. ಮೊಣಕಾಲಿನ ನೋವು ಮುಖದಲ್ಲಿ ಕಾಣುತ್ತಿತ್ತು. ಎರಡು ಎಲೆ ದಾಟುವಷ್ಟರಲ್ಲಿ ಹುಡುಗ ಎದ್ದುಬಂದು ಬುಟ್ಟಿ ಇಸಿದುಕೊಂಡ; ಮಾತೇನೂ ಆಡಲಿಲ್ಲ. ಆಮೇಲೆ ಮಜ್ಜಿಗೆಯ ತಂಬಿಗೆಯೂ ಅವನ ಕೈಗೇ ಬಂತು. ಮೊದಲ ಸಾಲಿನವರಿಗೆ ಧಾರಾಳವಾಗಿ ಸುರಿದ ಕಾರಣ ನಮ್ಮ ಎಲೆಯ ಹತ್ತಿರ ಬರುವಾಗ ತಂಬಿಗೆ ಬರಿದಾಗಿತ್ತು.