ಎಲ್ ಬೋರ್ಡ್ ಕಾರಿನೊಳಗೊಂದು ಮಾಸ್ಕ್

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವರೇ, ಕೆಎ-42ರ ಎಲ್ ಬೋರ್ಡ್ ಕಾರಿನಲ್ಲಿ ಕಲಿಯುತ್ತಿರುವವರೇ, ನೆಗಡಿ, ಕೆಮ್ಮು, ಜ್ವರವಿದ್ದ ದಿನ ದಯವಿಟ್ಟು ಕ್ಲಾಸಿಗೆ ರಜೆ ಹಾಕಿ. ಕೆಮ್ಮು ಇನ್ನೂ ಪೂರ್ತಿ ಬಿಟ್ಟಿಲ್ಲ ಅನ್ನುವ ದಿನಗಳಲ್ಲಿ ಕಲಿಸುವವರು, ಕಲಿಯುವವರು ಇಬ್ಬರೂ ಮಾಸ್ಕ್ ಹಾಕಿ, ಕಿಟಕಿ ಇಳಿಸಿ. ಮತ್ತೊಂದು ಸಾಂಕ್ರಾಮಿಕ ಬಂದರೆ ಕೆಮ್ಮಿರಲಿ ಬಿಡಲಿ, ಇದೇ ನಿಯಮವಾಗಲಿ.

ಕಾರು ಕಲಿಸುವುದು ದೂರ ಕೂತು ಮಾಡುವ ಕೆಲಸವಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು ಎಂದರೆ ಮೇಷ್ಟ್ರು ‘ಹಾಫ್ ಕ್ಲಚ್, ಹಾಫ್ ಕ್ಲಚ್’ ಎಂದು ಕೂಗುತ್ತಾ ಬಾಗಿ ಸ್ಟೇರಿಂಗ್ ಹಿಡಿಯುತ್ತಾರೆ. ಆಗ ಇಬ್ಬರ ಮುಖಗಳ ನಡುವೆ ಗೇಣಷ್ಟೇ ಅಂತರ. ಗಾಜು ಏರಿಸಿ ಎಸಿ ಹಾಕಿದರೆ ಹೆಚ್ಚಾಗಿ ಒಳಗಿನ ಗಾಳಿಯೇ ಸುತ್ತುತ್ತಿರುತ್ತದೆ. ಒಬ್ಬರು ಇಳಿದ ಸೀಟಿಗೆ ಇನ್ನೊಬ್ಬರು ಹತ್ತುತ್ತಾರೆ. ಮೇಷ್ಟ್ರು ಮಾತ್ರ ಬೆಳಗಿನಿಂದ ಅಲ್ಲೇ.

ಪುಟ್ಟ ವಿಮಾನದ ತರಬೇತಿಯೂ ಹೀಗೆಯೇ. ನಮ್ಮ ಪಕ್ಕದ ಬೆಂಗಳೂರಿನ ಜಕ್ಕೂರಿನಲ್ಲಿ 1949ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿದೆ. ಸೆಸ್ನಾದಂಥ ವಿಮಾನದಲ್ಲಿ ಗುರು-ಶಿಷ್ಯರು ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕು. ಕೋವಿಡ್ ಕಾಲದಲ್ಲಿ ಹಲವು ದೇಶಗಳ ಶಾಲೆಗಳು ಇಬ್ಬರಿಗೂ ಮಾಸ್ಕ್ ಹಾಕಿಸಿ ಹಾರಿಸಿದವು. ‘ಮಾಸ್ಕ್ ಹಾಕಿದರೆ ಹೇಳಿದ್ದು ಕೇಳಿಸಲ್ಲ’ ಅನ್ನುವವರು ಇದನ್ನು ನೆನೆಯಲಿ. ಅವರಿಗೆ ಹೆಡ್‌ಸೆಟ್ ಇತ್ತು, ನಿಜ. ನಿಮ್ಮ ಕಿವಿಯ ಮುಂದೆ ವಿಮಾನದ ಎಂಜಿನ್ ಇಲ್ಲವಲ್ಲ!

ಈಗ ಬೆಂಗಳೂರು ದಕ್ಷಿಣ ಎನಿಸಿಕೊಂಡಿರುವ ನಮ್ಮ ರಾಮನಗರ ಜಿಲ್ಲೆಗೆ ಸೋಂಕಿನ ಭಯವೂ ಗೊತ್ತು, ಮರೆವೂ ಗೊತ್ತು. 2020ರ ಏಪ್ರಿಲ್‌ನಲ್ಲಿ ರಾಜಧಾನಿಯ ಮಗ್ಗುಲಲ್ಲಿದ್ದೂ ಇಲ್ಲಿ ಸೋಂಕಿರಲಿಲ್ಲ. ಬೆಂಗಳೂರಿನ ಪಾದರಾಯನಪುರ ಗಲಭೆಯ ಬಂಧಿತರನ್ನು ರಾಮನಗರದ ಜೈಲಿಗೆ ತಂದು, ಅವರಲ್ಲಿ ಕೆಲವರಿಗೆ ಸೋಂಕು ಎಂದು ತಿಳಿದಾಗ ಊರಿಗೆ ಊರೇ ಬೆಚ್ಚಿತು. 2022ರ ಜನವರಿಯಲ್ಲಿ, ಮೂರನೇ ಅಲೆಯ ನಡುವೆಯೇ, ಸಂಗಮದಿಂದ ಹೊರಟ ಮೇಕೆದಾಟು ಪಾದಯಾತ್ರೆಯಲ್ಲಿ ಎಷ್ಟೋ ಜನರ ಮುಖದ ಮೇಲೆ ಮಾಸ್ಕೇ ಇರಲಿಲ್ಲ. ಹೈಕೋರ್ಟ್ ಪ್ರಶ್ನಿಸಿದ ಮೇಲೆ ಯಾತ್ರೆ ರಾಮನಗರದಲ್ಲಿ ನಿಂತಿತು.

ಮಾಸ್ಕ್ ಎಂದರೆ ಕರವಸ್ತ್ರವಲ್ಲ. ಎನ್95 ಆದರೆ ಉತ್ತಮ. ಕನ್ನಡಕ ಮಂಜಾದರೆ ಗಾಡಿ ಓಡಿಸುವುದು ಅಪಾಯ. ಮೂಗಿನ ಮೇಲಿನ ತಂತಿಯನ್ನು ಚೆನ್ನಾಗಿ ಒತ್ತಿ, ಮಂಜು ಹೋಗದಿದ್ದರೆ ಗಾಡಿ ಬದಿಗೆ ಹಾಕಿ.

ಆದರೆ ಜನ ಜ್ವರದಲ್ಲೂ ಕ್ಲಾಸಿಗೆ ಬರುವುದು ಹಟದಿಂದಲ್ಲ, ಕಟ್ಟಿದ ದುಡ್ಡು ಹೋಗುತ್ತದಲ್ಲ ಎಂದು. ಮೇಷ್ಟ್ರು ಬರುವುದೂ ಅಂದಿನ ಸಂಬಳ ಕೈತಪ್ಪದಿರಲಿ ಎಂದೇ. ಹಾಗಾಗಿ ಮಾಲೀಕರಲ್ಲಿ ನನ್ನ ದೊಡ್ಡ ಬೇಡಿಕೆ ಇದು: ಹುಷಾರಿಲ್ಲದೆ ತಪ್ಪಿದ ಕ್ಲಾಸನ್ನು ಇನ್ನೊಂದು ದಿನ ಪುಕ್ಕಟೆ ಕೊಡಿ, ಮೇಷ್ಟ್ರ ರಜೆಗೆ ಸಂಬಳ ಹಿಡಿಯಬೇಡಿ. ಬಾಯಿಮಾತಿನಲ್ಲಿ ಬೇಡ, ಫೀಸು ತೆಗೆದುಕೊಳ್ಳುವಾಗಲೇ ರಸೀದಿಯ ಮೇಲೆ ಬರೆದು ಕೊಡಿ.